ಬಾಗಿಲಿನ ಫೋಟೋಗೆ ಮನೆಯವರು ಅಡ್ಡ ನಿಲ್ಲುವ ಬಗ್ಗೆ

ಕಟ್ಟಡ ವೀಕ್ಷಣಾ ಇಲಾಖೆ
ಗಡಿ ಉಪವಿಭಾಗ, ಆದೋನಿ (ಆಂಧ್ರಪ್ರದೇಶ)

ಸಂಖ್ಯೆ: ಕವೀಇ/ಗಉವಿ/ಬಾಗಿಲು-ಕಿಟಕಿ/ಇತರೆ
ದಿನಾಂಕ: ಸಾಹೇಬರು ಸಹಿ ಮಾಡಿದ ದಿನ

ವಿಷಯ: ಸಿಬ್ಬಂದಿಯು ಹವ್ಯಾಸಕ್ಕಾಗಿ ಕಟ್ಟಡಗಳ ಛಾಯಾಚಿತ್ರ ತೆಗೆಯುವಾಗ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: (೧) ದ್ವಿತೀಯ ದರ್ಜೆ ಸಹಾಯಕಿ ಶಿವಲೀಲಾ ಅವರ ಮನವಿ.
(೨) ಹೊಳಗುಂದದ ಲಿಂಗಕ್ಕನವರ ಮೌಖಿಕ ಹೇಳಿಕೆ (ಬಾಗಿಲಲ್ಲಿ ನಿಂತು ನೀಡಿದ್ದು).
(೩) ಇದೇ ವಿಷಯದ ಹಿಂದಿನ ಸುತ್ತೋಲೆ (ಹುಡುಕಲಾಗುತ್ತಿದೆ).

ಶಿವಲೀಲಾ ಅವರು ಫೋನಿನಲ್ಲಿ ಗೋಡೆ, ಮೆಟ್ಟಿಲು, ಕಿಟಕಿಗಳ ಚಿತ್ರ ತೆಗೆಯುವ ಹವ್ಯಾಸ ಬೆಳೆಸಿಕೊಂಡಿದ್ದು, ಅದು ಕಚೇರಿಯಲ್ಲಿ ಕೆಮ್ಮು ನೆಗಡಿಗಿಂತ ಬೇಗ ಹರಡಿರುತ್ತದೆ. ಆದರೆ ಈ ಭಾಗದಲ್ಲಿ ಸರ್ಕಾರಿ ಮನೆ ಮಂಜೂರಾದವರು ಪಾಯ, ಗೋಡೆ, ಮಾಳಿಗೆ ಹೀಗೆ ಪ್ರತಿ ಹಂತದಲ್ಲೂ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಾಗಿರುವುದರಿಂದ, ಯಾವ ಗೋಡೆಗೆ ಫೋನು ಹಿಡಿದರೂ ಮನೆಯವರು ತಲೆ ಬಾಚಿಕೊಂಡು ಓಡಿ ಬಂದು, ಕೈ ನೆಟ್ಟಗೆ ಇಳಿಬಿಟ್ಟು, ಉಸಿರು ಹಿಡಿದು ನಿಲ್ಲುತ್ತಾರೆ. ಇಲಾಖೆಯ ವಾರ್ಷಿಕ ಚಿತ್ರ ಪ್ರದರ್ಶನಕ್ಕೆ "ಕಟ್ಟಡ ಮಾತ್ರ, ಮನುಷ್ಯರು ಕೂಡದು" ಎಂಬ ನಿಯಮವಿರುವುದರಿಂದ ಈವರೆಗೆ ಒಂದು ಚಿತ್ರವೂ ಅರ್ಹವಾಗಿಲ್ಲ. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಕಟ್ಟಡಗಳ ಸೌಂದರ್ಯವನ್ನು ಊಟದ ವಿರಾಮದಲ್ಲಿ ಮಾತ್ರ ಗಮನಿಸತಕ್ಕದ್ದು. ಕಚೇರಿ ವೇಳೆಯಲ್ಲಿ ಅಕಸ್ಮಾತ್ ಕಣ್ಣಿಗೆ ಬಿದ್ದ ಸೌಂದರ್ಯವನ್ನು ಮೇಲಧಿಕಾರಿಗಳ ಗಮನಕ್ಕೆ ತಂದು ಅಲ್ಲಿಗೇ ಬಿಡತಕ್ಕದ್ದು.

೨. ಗೋಡೆಯ ಮೇಲೆ ಬಿದ್ದ ನೆರಳು ಚೆಂದವಾಗಿದ್ದಲ್ಲಿ ಅದು ಯಾರ ಮನೆಯದೆಂದು ಮೊದಲು ವಿಚಾರಿಸತಕ್ಕದ್ದು. ಪಕ್ಕದ ಮನೆಯದಾಗಿದ್ದರೆ ಅವರ ಒಪ್ಪಿಗೆಯೂ ಅವಶ್ಯ. ಹಾಲಹರವಿ ಕಡೆ ಬೆಳಗಿನ ನೆರಳು ಉದ್ದವಾಗಿ ಬಳ್ಳಾರಿ ಜಿಲ್ಲೆಯೊಳಗೆ ಹೋಗುವ ಸಂಭವವಿದೆ. ಇಂಥ ಅಂತರರಾಜ್ಯ ನೆರಳುಗಳನ್ನು ಅವು ಮಧ್ಯಾಹ್ನ ತಾವಾಗಿಯೇ ವಾಪಸು ಬಂದ ಮೇಲೆ ತೆಗೆಯತಕ್ಕದ್ದು.

೩. ಮಂತ್ರಾಲಯದ ಲಾಡ್ಜುಗಳ ಮೆಟ್ಟಿಲು ಹತ್ತುವವರನ್ನು ಅಲ್ಲಿ ಯಾತ್ರಿಕರೆಂದೇ ತಿಳಿಯಲಾಗುತ್ತಿದೆ. ಮೆಟ್ಟಿಲಿನ ತಿರುವನ್ನು ಸೆರೆಹಿಡಿಯಲು ಹೋದ ನಮ್ಮ ನೌಕರರೊಬ್ಬರು ರೂಮು ಪಡೆದು, ಬಿಸಿನೀರು ಸ್ನಾನ ಮಾಡಿ, ದರ್ಶನ ಮುಗಿಸಿ, ಪ್ರಸಾದದೊಂದಿಗೆ ಮರಳಿದ್ದಾರೆ. ಚಿತ್ರ ಬಂದಿಲ್ಲ. ಪ್ರಸಾದವನ್ನು ಕಚೇರಿಯಲ್ಲಿ ಹಂಚಲಾಗಿದ್ದು, ಅದರ ಬಗ್ಗೆ ಆಕ್ಷೇಪಣೆ ಬಂದಿಲ್ಲ.

೪. ಮನೆಯವರು ಅಡ್ಡ ನಿಂತಲ್ಲಿ ಜಗಳವಾಡದೆ ಮೊದಲು ಅವರ ಚಿತ್ರವನ್ನೇ ತೆಗೆದು, ತೋರಿಸಿ, ಅನಂತರ ಸರಿದು ನಿಲ್ಲುವಂತೆ ಕೋರತಕ್ಕದ್ದು. ಇದನ್ನು "ಸಮಾಧಾನ ಚಿತ್ರ" ಎಂದು ಕರೆಯಲಾಗುವುದು. ಅದರಲ್ಲಿ ಕಣ್ಣು ಮುಚ್ಚಿದವರು ಮತ್ತೊಮ್ಮೆ ನಿಲ್ಲಲು ಅರ್ಹರು. ಸಮಾಧಾನ ಚಿತ್ರಕ್ಕೆ ಎಮ್ಮೆಯೂ ಬಂದು ನಿಂತಲ್ಲಿ ಅದನ್ನು ಕುಟುಂಬ ಎಂದಾಗಲಿ ಕಟ್ಟಡ ಎಂದಾಗಲಿ ನಮೂದಿಸಕೂಡದು.

೫. ಮೇಲಿನ ಕ್ರಮವು ಪ್ರಯೋಗದ ಹಂತದಲ್ಲೇ ಹೊಳಗುಂದದಲ್ಲಿ ವಿಫಲವಾಗಿದೆ. ಅಲ್ಲಿ ಒಂಟಿಯಾಗಿ ವಾಸವಿರುವ ಲಿಂಗಕ್ಕನವರ ಮನೆಗೆ ಹಳೆಯ ಕೆತ್ತನೆ ಬಾಗಿಲಿದ್ದು, ಎರಡೂ ಬದಿ ದೀಪದ ಗೂಡುಗಳಿವೆ. ಬಣ್ಣ ಎದ್ದುಹೋಗಿ ನೀಲಿಯ ಕೆಳಗಿನ ಹಸಿರು ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಬಾಗಿಲು ಉಪವಿಭಾಗದಲ್ಲಿ ಇಲ್ಲವೆಂದು ಇಲಾಖೆಯೂ ಒಪ್ಪುತ್ತದೆ. ಸಮಾಧಾನ ಚಿತ್ರ ತೆಗೆದ ನಂತರವೂ ಲಿಂಗಕ್ಕನವರು ಬಾಗಿಲು ಬಿಟ್ಟಿಲ್ಲ. "ಚಾ ಕುಡಿ ಅಂತಾಳ, ಊಟ ಮಾಡು ಅಂತಾಳ, ಅತ್ತಾಗ ಸರಿ ಅಂದ್ರ ಮಾತ್ರ ಸರಿಯವಲ್ಲಳು ಸಾರ್" ಎಂದು ಶಿವಲೀಲಾ ಅವರು ಕಣ್ಣಲ್ಲಿ ನೀರು ತಂದುಕೊಂಡು ವರದಿ ಮಾಡಿದ್ದಾರೆ.

೬. ಕಾರಣ ಕೇಳಲಾಗಿ ಲಿಂಗಕ್ಕನವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಫೋಟೋ ಹಿಡಿಯವ್ವ, ಬ್ಯಾಡ ಅನ್ನಂಗಿಲ್ಲ. ನಾ ಅದರಾಗ ಇರಬೇಕು. ಹೋದ ಸರ್ತಿ ನಾ ನೀರಿಗೆ ಹೋದಾಗ ಯಾರೋ ಬಂದು ಬಾಗಿಲ ಫೋಟೋ ಹೊಡಕೊಂಡು, ಎವರೂ ಲೇರು ಅಂತ ಬರದು ಹೋದ್ರು. ಯಾರೂ ಇಲ್ಲ ಅಂತ. ರೇಷನ್ ನಿಂತುಬಿಡ್ತು. ನಾ ಅದೀನಿ ಅಂತ ನಾನಾ ಹೋಗಿ ಹೇಳಿದ್ರ, ಫೋಟೋದಾಗ ಎಲ್ಲಿ ಅದೀ ತೋರ್ಸು ಅಂದ್ರು."

೭. ಸದರಿ ಫೋಟೋ ತೆಗೆದ ಇಲಾಖೆ ಯಾವುದೆಂದು ವಿಚಾರಿಸಲಾಗಿ, ಪ್ರತಿ ಇಲಾಖೆಯೂ ಪಕ್ಕದ ಇಲಾಖೆಯ ಕಡೆ ಕೈ ತೋರಿಸಿದ್ದು, ಕೊನೆಯ ಇಲಾಖೆಯವರು ಊಟಕ್ಕೆ ಹೋಗಿದ್ದರು. ರೇಷನ್ ಇಂದಿಗೂ ಬಂದಿಲ್ಲ. ಎದುರಿಗೆ ನಿಂತ ಮನುಷ್ಯರನ್ನು ಬಿಟ್ಟು ಫೋಟೋವನ್ನು ನಂಬಿದ್ದರ ಬಗ್ಗೆ ಕೆಳಗೆ ಸಹಿ ಮಾಡಿದವರಿಗೆ ಸಿಟ್ಟು ಬಂದಿದೆ. ಸಿಟ್ಟಿಗೆ ಅನುಮೋದನೆ ಪಡೆದಿಲ್ಲ.

೮. ಆದ್ದರಿಂದ ಪ್ರದರ್ಶನದ ನಿಯಮವನ್ನು ಸಡಿಲಿಸದೆಯೇ ಈ ಮೂಲಕ ಆದೇಶಿಸಲಾಗಿದೆ: ಲಿಂಗಕ್ಕನವರನ್ನು ಸದರಿ ಕಟ್ಟಡದ ಭಾಗವೆಂದು ಪರಿಗಣಿಸತಕ್ಕದ್ದು. ಚಿತ್ರದ ವಿವರಣೆಯಲ್ಲಿ ಬಾಗಿಲು, ಚೌಕಟ್ಟು, ಹೊಸ್ತಿಲು, ಲಿಂಗಕ್ಕ ಎಂದು ಕ್ರಮವಾಗಿ ಬರೆಯತಕ್ಕದ್ದು. ಅವರಿಲ್ಲದೆ ತೆಗೆದ ಚಿತ್ರವನ್ನು ಅರ್ಧ ಕಟ್ಟಿದ ಮನೆಯ ಚಿತ್ರವೆಂದು ತಿರಸ್ಕರಿಸಲಾಗುವುದು.

೯. ಸದರಿ ಚಿತ್ರಕ್ಕೆ ಇಲಾಖೆಯ ಮೊಹರು ಒತ್ತಿ, ಅದರಲ್ಲಿ ಲಿಂಗಕ್ಕನವರು ಎಲ್ಲಿದ್ದಾರೆಂದು ಬಾಣದ ಗುರುತು ಹಾಕಿ, ರೇಷನ್ ಸಂಬಂಧದ ಎಲ್ಲ ಕಚೇರಿಗಳಿಗೂ ಶಿವಲೀಲಾ ಅವರೇ ಖುದ್ದಾಗಿ ಒಯ್ದು, ಅಕ್ಕಿ ಬರುವವರೆಗೂ ಆ ಕಚೇರಿಗಳ ಬಾಗಿಲಲ್ಲಿ ಅಡ್ಡ ನಿಲ್ಲತಕ್ಕದ್ದು. ಈ ಅವಧಿಯನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸಲಾಗುವುದು.

೧೦. ಈ ಸುತ್ತೋಲೆಯ ತೆಲುಗು ಪ್ರತಿ ಬರುವವರೆಗೆ ಇದನ್ನೇ ತೆಲುಗು ಎಂದು ಓದಿಕೊಳ್ಳತಕ್ಕದ್ದು.

(ಸಹಿ ಇದೆ)
ಉಪವಿಭಾಗಾಧಿಕಾರಿಗಳು
ಕಟ್ಟಡ ವೀಕ್ಷಣಾ ಇಲಾಖೆ

ಪ್ರತಿಗಳು:
೧. ರೇಷನ್ ಸಂಬಂಧದ ಎಲ್ಲ ಕಚೇರಿಗಳಿಗೆ, ಬಾಣದ ಗುರುತಿನ ಚಿತ್ರದೊಂದಿಗೆ.
೨. ಮಂತ್ರಾಲಯದ ಸಂಬಂಧಪಟ್ಟ ಲಾಡ್ಜಿಗೆ (ಟವೆಲ್ಲು ಲಗತ್ತಿಸಿದೆ).
೩. ಬಳ್ಳಾರಿ ಜಿಲ್ಲೆಗೆ, ನೆರಳಿನ ಬಗ್ಗೆ ಮಾಹಿತಿಗಾಗಿ.
೪. ಎಮ್ಮೆಯ ಮಾಲೀಕರಿಗೆ.
೫. ಲಿಂಗಕ್ಕ, ಬಾಗಿಲು, ಹೊಳಗುಂದ. ಇದನ್ನು ಓದಿ ಹೇಳುವುದು. ಅಕ್ಕಿ ಮನೆಗೆ ಬಂದ ದಿನ, ಇನ್ನು ಅವರು ಕೂತುಕೊಳ್ಳಬಹುದೆಂದೂ ತಿಳಿಸುವುದು.