ಅಕ್ಕನ ಕೊಬ್ಬರಿಯೂ ನನ್ನ ಕಂಪ್ಯೂಟರಿನ ನೆರೆಯೂ

ಭವಿಷ್ಯ ಹೇಳುವ ಕಸುಬಿನವರು ಬಂಧುಗಳಿಂದ ನಾಲ್ಕೂರು ದೂರ ಇರಬೇಕೆಂಬುದು ನನ್ನ ಇತ್ತೀಚಿನ ಅಭಿಪ್ರಾಯ. ಜ್ಯೋತಿಷಿಯ ಮಾತು ಸುಳ್ಳಾದರೆ ಗ್ರಹಗಳ ಮೇಲೆ ಹಾಕಿ ಪಾರಾಗಬಹುದು. ನನಗೆ ಆ ಸೌಕರ್ಯವಿಲ್ಲ. ನಾನು ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಬಿಡುವಿದ್ದಾಗ ಕೆರೆ ಕೋಡಿ ಬಿದ್ದರೆ ನೀರು ಎಲ್ಲೆಲ್ಲಿ ಹರಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು. ಬಿಳಿಗೆರೆಯಲ್ಲಿ, ಕೆರೆಯ ಪಕ್ಕದಲ್ಲೇ ನನ್ನ ಮನೆ. ಕೂಗಳತೆಯಲ್ಲಿ, ತುಸು ತಗ್ಗಿನಲ್ಲಿ, ನನ್ನ ಅಕ್ಕ ಜಯಕ್ಕನ ತೋಟದ ಮನೆ. ಅವಳ ಹಸು ನನ್ನ ಹೆಂಡತಿಯ ಕನಕಾಂಬರ ಮೇಯ್ದ ನೆನಪಿಗೆ ಹೋದ ವರ್ಷ ನಡುವೆ ಒಂದು ಕಾಂಪೌಂಡ್ ಗೋಡೆ ಎದ್ದಿದೆ. ನಮ್ಮ ಬಚ್ಚಲಿನ ನೀರು ಯಾವ ಕಡೆ ಹೋಗುತ್ತದೆಂದು ಹೆಂಡತಿ ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ, ಅದು ಬೇರೆ ಮಾತು.

ವಿದ್ಯೆ ಸರಳವಾದದ್ದೇ. ಊರಿನ ನಕ್ಷೆಯನ್ನು ಚೌಕಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಉಪಗ್ರಹ ಅಳೆದ ಎತ್ತರವನ್ನು ಕಂಪ್ಯೂಟರಿಗೆ ಕೊಡಬೇಕು. ಆಮೇಲೆ ಕೋಡಿಯಿಂದ ನೀರು ಬಿಟ್ಟರೆ ಒಂದು ಚೌಕ ತುಂಬಿ ಪಕ್ಕದ ತಗ್ಗಿಗೆ ದಾಟಿಸುತ್ತದೆ. ಪರದೆಯ ಮೇಲೆ ನೀಲಿ ಹರಡುವುದನ್ನು ನೋಡುತ್ತ ಕುಳಿತರೆ ಕಾಫಿ ಆರಿದ್ದೂ ತಿಳಿಯುವುದಿಲ್ಲ. ಈ ಸಲ ಮಳೆಗಾಲಕ್ಕೆ ಮೊದಲೇ ನಮ್ಮೂರಿನ ನೀರನ್ನು ಬಿಟ್ಟು ನೋಡಿದೆ. ನೀಲಿ ಅಕ್ಕನ ತೋಟದ ಬೇಲಿಯವರೆಗೆ ಬಂದು, ಮರ್ಯಾದೆಯಿಂದ ಸುತ್ತಿಕೊಂಡು ಹೋಯಿತು. ಖುಷಿಯಿಂದ ಅಕ್ಕನನ್ನು ಕರೆದು ತೋರಿಸಿದೆ.

"ನಮ್ತೋಟ ಗುಡ್ಡದ ಮೇಲೈತೆ ಅಂತ ನಿಂಗ್ಯಾರ್ಲಾ ಹೇಳಿದ್ದು? ಕೋಡಿ ಬಿದ್ರೆ ಮೊದ್ಲು ನೀರು ಬರಾದೇ ನಮ್ ಶೆಡ್ಡಿಗೆ ಕಣ್ಲಾ" ಎಂದಳು.

ಹುಡುಕಿದಾಗ ತಪ್ಪು ಸಿಕ್ಕಿತು. ಉಪಗ್ರಹ ಮೇಲಿನಿಂದ ಅಳೆದದ್ದು ನೆಲವನ್ನಲ್ಲ, ತೆಂಗಿನ ಗರಿಗಳನ್ನು. ನನ್ನ ಲೆಕ್ಕದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳೆಲ್ಲ ಎಳನೀರಿನ ಎತ್ತರಕ್ಕೆ ಎದ್ದು ಗುಡ್ಡಗಾಡಾಗಿದ್ದವು. ಕೂತು ಮರಗಳ ಎತ್ತರವನ್ನೆಲ್ಲ ಕಳೆದೆ. "ನಿನ್ನ ಮರಾನೆಲ್ಲ ತೆಗೆದುಬಿಟ್ಟೆ ಕಣಕ್ಕ" ಎಂದು ಫೋನಿನಲ್ಲಿ ಹೇಳಿದಾಗ ಅವಳು ಫೋನ್ ಹಿಡಿದುಕೊಂಡೇ ಹೊರಗೆ ಹೋಗಿ ಮರಗಳನ್ನು ನೋಡಿ ಬಂದಳು.

ಹೊಸ ಲೆಕ್ಕದಲ್ಲಿ ಅಕ್ಕನ ಶೆಡ್ಡಿಗೆ ಮೊಣಕಾಲುದ್ದ ನೀಲಿ, ನನ್ನ ಮನೆಗೆ ಒಂದು ಹನಿಯೂ ಇಲ್ಲ. ಶೆಡ್ಡಿನಲ್ಲಿದ್ದದ್ದು ಅವಳ ಇಡೀ ವರ್ಷದ ಕೊಬ್ಬರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಸುಲಿಸಿ, ಚಿಪ್ಪು ಒಡೆಸಿ, ಚೀಲಕ್ಕೆ ತುಂಬಿದ್ದು. ಅಟ್ಟದಲ್ಲಿ ಆಗಲೇ ಹೊಸ ಕಾಯಿ ತುಂಬಿತ್ತು. ಕೊಬ್ಬರಿಗೆ ನೀರು ತಾಕಿತೋ, ಬೂಷ್ಟು ಹಿಡಿದು ವರ್ಷದ ಫಸಲು ಹೋದಂತೆಯೇ. "ಎಲ್ಲ ನಮ್ಮನೆಗೆ ಸಾಗಿಸು" ಎಂದು ದುಂಬಾಲು ಬಿದ್ದೆ. ಭಾವ ಟಿಲ್ಲರಿಗೆ ಟ್ರೈಲರ್ ಕಟ್ಟಿ ತಂದಿಳಿಸಿದರು.

ಹಾಲಿನ ನೆಲದಲ್ಲಿ ಜಾಗ ಮಾಡಿದ್ದೆ. ಅಕ್ಕ ನೆಲ ನೋಡಿದಳು, ನನ್ನ ಮುಖ ನೋಡಿದಳು, ಚೀಲಗಳನ್ನೆಲ್ಲ ನನ್ನ ಮಂಚದ ಮೇಲೆ ಪೇರಿಸಿದಳು.

"ಇಲ್ಲಿಗೆ ನೀರು ಬರಲ್ಲ ಅಂದ್ನಲ್ಲಕ್ಕ!"

"ಬರ್ದಿದ್ರೆ ಒಳ್ಳೇದೇ ಬುಡು."

ಇಷ್ಟು ಓದಿದವನ ಮೇಲೆ ಇಷ್ಟೇ ನಂಬಿಕೆಯೇ ಎಂದು ಬೇಜಾರಾಯಿತು. ಹೆಂಡತಿ ಸೋಫಾ ಹಿಡಿದಳು. ನನಗೆ ಉಳಿದದ್ದು ಚಾಪೆ.

ಚೀಲಗಳು ಬಂದ ಮೂರನೆಯ ವಾರ, ಭಾನುವಾರ ಮಧ್ಯಾಹ್ನ. ಎರಡು ದಿನ ಬಿಡದೆ ಹೊಯ್ದ ಮಳೆ ಆಗಷ್ಟೇ ನಿಂತಿತ್ತು. ಮುದ್ದೆ ಉಂಡು ಚಾಪೆಯ ಮೇಲೆ ಉರುಳಿದ್ದೆ. ಬೆನ್ನು ತಣ್ಣಗಾಯಿತು. ಹೆಂಡತಿ ಚೊಂಬು ಉರುಳಿಸಿರಬೇಕೆಂದು ಗದರಲು ಕಣ್ಣು ಬಿಟ್ಟರೆ, ಬಾಗಿಲಲ್ಲಿದ್ದ ನನ್ನ ಚಪ್ಪಲಿಗಳು ದೇವರ ಮನೆಯ ಕಡೆಗೆ ಹೊರಟಿದ್ದವು. ಕೆರೆ ಕೋಡಿ ಬಿದ್ದಿತ್ತು.

ಹೊರಗೆ ಓಡಿದೆ. ಮೇಲುಗಡೆಯ ಗೇಟಿನಿಂದ ನೀರು ಒಳಗೆ ಬರುತ್ತಿದೆ, ಕೆಳಗಡೆ ಅಕ್ಕನ ಕಡೆಯ ಗೋಡೆ ಒಂದು ತೊಟ್ಟನ್ನೂ ಹೊರಗೆ ಬಿಡುತ್ತಿಲ್ಲ. ಅಂಗಳವೇ ಕೆರೆಯಾಗಿದೆ. "ನೀರು ಹೋಗಾಕೆ ಒಂದು ತೂತು ಬುಡ್ಲಾ ಸಾ?" ಎಂದು ಗೋಡೆ ಕಟ್ಟುವಾಗ ಗಾರೆಯವನು ಕೇಳಿದ್ದು, "ಬೇಡ, ಹಾವು ಬರುತ್ತೆ" ಎಂದು ನಾನು ಹೇಳಿದ್ದು, ಎರಡೂ ಒಟ್ಟಿಗೆ ನೆನಪಾದವು.

ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಬಂದಳು. "ನಮ್ ಶೆಡ್ಡಲ್ಲಿ ಧೂಳು ಹಂಗೇ ಐತೆ ಕಣ್ಲಾ" ಎಂದವಳೇ ನೇರ ಮಂಚದ ಹತ್ತಿರ ಹೋಗಿ ಒಂದೊಂದು ಚೀಲದ ತಳಕ್ಕೂ ಕೈ ಹಾಕಿ ನೋಡಿದಳು. ಎಲ್ಲ ಒಣಗಿಯೇ ಇತ್ತು. ನಿಜ ಹೇಳುತ್ತೇನೆ, ಅವಳು ಕೊನೆಯ ಚೀಲ ಮುಟ್ಟುವವರೆಗೆ ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊರುತ್ತಿದ್ದೆ. ಆಮೇಲೆ ಆದ ಸಮಾಧಾನದಲ್ಲಿ ನಾಚಿಕೆಪಡುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ ಮರಾನೆಲ್ಲ ಕಂಪ್ಯೂಟ್ರಲ್ಲಿ ಕಿತ್ತಾಕ್ದೆ, ಸರಿ. ನಿನ್ ಗೋಡೆ ಹಾಕಿದ್ಯೇನ್ಲಾ?"

ಹಾಕಿರಲಿಲ್ಲ. ಊರಿನವರೆಲ್ಲರ ಬದು, ಬೇಲಿ, ಮೋರಿ ನೆನಪಿದ್ದವು. ನಾನೇ ಕಟ್ಟಿಸಿದ ಗೋಡೆ ಮಾತ್ರ ನೆನಪಿರಲಿಲ್ಲ.

ಈಗ ಗೋಡೆಗೆ ತೂತು ಬಿದ್ದಿದೆ, ಲೆಕ್ಕಕ್ಕೂ ಗೋಡೆ ಸೇರಿದೆ. ಅಕ್ಕನಿಗೂ ನನ್ನ ವಿದ್ಯೆಯ ಮೇಲೆ ಒಂಥರಾ ನಂಬಿಕೆ ಬಂದಿದೆ. ಮೊನ್ನೆ ಮೋಡ ಕವಿದಾಗ ಫೋನ್ ಮಾಡಿದ್ದಳು: "ಈ ಸಲ ನೀನು ಎಲ್ಲಿ ಮಲಗ್ತೀಯ ಅಂತ ಹೇಳ್ಬುಡಪ್ಪ. ಅದೊಂದ್ ಜಾಗ ಬುಟ್ಟು ಬ್ಯಾರೆ ಕಡೆ ಕೊಬ್ರಿ ಇಡ್ತೀನಿ."