ಶ್ರವಣನ ಎರಡನೆಯ ಬುಟ್ಟಿ

ಈ ಯುಗದ ಶ್ರವಣಕುಮಾರ ತಾನೇ ಎಂದು ಶ್ರೀಕರ ತೀರ್ಮಾನಿಸಿದ್ದು ಏಪ್ರಿಲ್ ತಿಂಗಳ ಒಂದು ಶನಿವಾರ, ಹಲ್ಲುಜ್ಜುತ್ತಾ. ಬ್ರಶ್ಶನ್ನು ಬಾಯಿಂದ ತೆಗೆಯದೆಯೇ ಹೆಂಡತಿಗೆ ಘೋಷಿಸಿದ: "ಇವತ್ತು ಅಮ್ಮನ್ನ ನಾನು ಹೊತ್ಕೊಂಡು ಹೋಗ್ತೀನಿ!"

"ಮೊದಲು ಬಾಯಿ ಮುಕ್ಕಳಿಸಿ," ಎಂದಳು ಸಿಂಧೂರ. "ನಿನ್ನೆ ಒಗೆಯೋ ಬಟ್ಟೆ ಎತ್ತೋಕೆ ಸೊಂಟ ನೋವು ಅಂದ್ರಿ."

ಪುರಾಣದ ಯಾವ ಕಥೆ ಸಿಕ್ಕರೂ ಹಿಂಡಿ ಒಂದು ಜೀವನಪಾಠ ತೆಗೆಯುವುದು ಶ್ರೀಕರನ ಹಳೆಯ ಚಟ. ಆಫೀಸಿನಲ್ಲಿ ಕೆಲಸ ತಡವಾದರೆ ಡಚ್ ಸಹೋದ್ಯೋಗಿಗಳಿಗೆ ಹನುಮಂತನ ಸಮುದ್ರಲಂಘನ. ಫ್ರಿಜ್ ಖಾಲಿಯಾದರೆ ಹೆಂಡತಿಗೆ ದ್ರೌಪದಿಯ ಅಕ್ಷಯಪಾತ್ರೆ. ಅದನ್ನು ಕೇಳಿದ ದಿನ ಆಕೆ ಅವನಿಗೂ ಕೃಷ್ಣನಿಗೆ ಸಿಕ್ಕಂತೆ ಒಂದೇ ಅಗುಳು ಬಡಿಸಿದ್ದಳು!

ಹೊರುವುದೆಂದರೆ ಬೆನ್ನ ಮೇಲಲ್ಲ, ಬಾಕ್‌ಫೀಟ್ಸ್‌ನಲ್ಲಿ. ಮುಂದೆ ಮರದ ತೊಟ್ಟಿ ಕೂರಿಸಿದ ಮೂರು ಗಾಲಿಯ ಸೈಕಲ್ಲು ಅದು. ಹಾಲೆಂಡಿನ ಆಮ್ಸ್ಟೆಲ್‌ವೀನ್‌ನ ಜನ ಮಕ್ಕಳನ್ನೂ ನಾಯಿಯನ್ನೂ ಅದರಲ್ಲೇ ತುಂಬಿಕೊಂಡು ತಿರುಗುತ್ತಾರೆ. ಊರಂಚಿನ ಕಾಡಿನಲ್ಲಿ ಚೆರ್ರಿ ಹೂ ಬಿಟ್ಟಿತ್ತು. ಮಂಡಿನೋವಿನ ಅಮ್ಮ ಅಷ್ಟು ದೂರ ನಡೆಯಲಾರರು. ಪಕ್ಕದ ಮನೆಯವರಿಂದ ಗಾಡಿ ಕೇಳಿ ತಂದ.

ಅಮ್ಮ ವಿಜಯಮ್ಮ ಮೈಸೂರಿನಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿದವರು. ತೊಟ್ಟಿಯನ್ನು ಒಮ್ಮೆ ಸುತ್ತಿ ಬಂದು ನೋಡಿದರು.

"ಶ್ರವಣನ ಕಾವಡೀಲಿ ಎರಡು ಬುಟ್ಟಿ ಇತ್ತು ಕಣೋ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಅಪ್ಪ. ಅದಕ್ಕೇ ವಾಲಲಿಲ್ಲ."

ಶ್ರೀಕರ ಸೈಕಲ್ಲಿನ ಗಂಟೆಯನ್ನು ಒರೆಸತೊಡಗಿದ. ಗಂಟೆಯಲ್ಲಿ ಧೂಳೇನೂ ಇರಲಿಲ್ಲ.

ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಸಮುದ್ರಕ್ಕಿಂತ ತಗ್ಗಿನಲ್ಲಿ ಊರು ಕಟ್ಟಿ ನಿಶ್ಚಿಂತೆಯಿಂದ ಮಲಗುವ ಜನರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವರಿಗೆ ಆಸೆ. ಶ್ರೀಕರ ನಾಲ್ಕು ವರ್ಷ "ಮುಂದಿನ ವರ್ಷ ಪಕ್ಕಾ, ಅಪ್ಪ" ಎಂದ. ಒಂದು ವರ್ಷ ಪ್ರಾಜೆಕ್ಟು, ಒಂದು ವರ್ಷ ಹೊಸ ಮನೆ. ಉಳಿದೆರಡಕ್ಕೆ ಕಾರಣವೇನೆಂದು ಅವನಿಗೇ ನೆನಪಿಲ್ಲ. ಐದನೆಯ ವರ್ಷ ಅಪ್ಪ ಕಾಯಲಿಲ್ಲ.

ಹತ್ತನೆಯ ದಿನ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಪಿಂಡವಿಟ್ಟು ಎರಡು ಗಂಟೆ ಕಾದರೂ ಕಾಗೆ ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ ಎಂದರು ನೆಂಟರು. ಅಮ್ಮನನ್ನು ನೋಡಿಕೊಳ್ಳುತ್ತೇನೆ, ಮನೆ ಮಾರುವುದಿಲ್ಲ ಎಂದು ಶ್ರೀಕರ ಕಾಗೆಗೆ ಮಾತಿನ ಮೇಲೆ ಮಾತು ಕೊಟ್ಟ. ಉಳಿದ ಆಸೆ ಯಾವುದೆಂದು ಚೆನ್ನಾಗಿ ಗೊತ್ತಿದ್ದರೂ ಅದೊಂದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಕಡೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು. ಅಂದಿನಿಂದ ಇಂದಿನವರೆಗೆ ವಿಜಯಮ್ಮ ಆ ಮಾತೆತ್ತಿಲ್ಲ. ಒಮ್ಮೆ ಬೈದಾದರೂ ಬಿಡಲಿ ಎಂದು ಮಗ ಕಾಯುತ್ತಲೇ ಇದ್ದ.

ಗಾಡಿ ಹೊರಟಿತು. ಬಲಮಂಡಿ ಮಡಚಲಾಗದೆ ವಿಜಯಮ್ಮ ಎಡಕ್ಕೆ ಒತ್ತಿ ಕೂತಿದ್ದರಿಂದ ಎರಡು ತಿರುವು ದಾಟುವಷ್ಟರಲ್ಲೇ ಅದು ಎಡಕ್ಕೆ ವಾಲಿತು. ಆದರೆ ಆಧುನಿಕ ಶ್ರವಣ ಅಷ್ಟಕ್ಕೆಲ್ಲ ಹೆದರುವವನೇ! ಇಂಡಿಯನ್ ಅಂಗಡಿಯ ಮುಂದೆ ನಿಲ್ಲಿಸಿ, ಇಪ್ಪತ್ತು ಕಿಲೋ ಸೋನಾ ಮಸೂರಿ ಮೂಟೆ ತಂದು ಬಲಗಡೆ ಕೂರಿಸಿದ.

"ಇದ್ಯಾರೋ?"

"ಬ್ಯಾಲೆನ್ಸಿಗೆ, ಅಮ್ಮ."

"ಐವತ್ತೆಂಟು ಕಿಲೋಗೆ ಇಪ್ಪತ್ತು ಕಿಲೋ ಸಮಾನಾ? ಫಿಸಿಕ್ಸಲ್ಲಿ ನಿನ್ನನ್ನ ಪಾಸ್ ಮಾಡಿದ್ದು ಯಾರು?"

"ನೀನೇ ಕಣಮ್ಮ."

ವಿಜಯಮ್ಮ ಸೆರಗು ನೆಟ್ಟಗೆ ಮಾಡಿಕೊಂಡರು. ಗಾಡಿಯೂ ಹೇಗೋ ನೆಟ್ಟಗಾಯಿತು. ಸ್ವಲ್ಪ ದೂರ ಹೋದ ಮೇಲೆ, ಪ್ರತಿ ತಿರುವಿನಲ್ಲೂ ಅವರ ಕೈ ಮೂಟೆಯನ್ನು ಹಿಡಿದುಕೊಳ್ಳುತ್ತಿರುವುದನ್ನು ಶ್ರೀಕರ ಕಂಡ.

"ನಿಮ್ಮಪ್ಪನೂ ಹೀಗೇ ಕೂರೋರು," ಎಂದರು. "ಮಾತಿಲ್ಲ, ಕಥೆಯಿಲ್ಲ."

ಇಂಥ ಹೊತ್ತಿನಲ್ಲಿ ಜಾಣರು ಸುಮ್ಮನಿರುತ್ತಾರೆ. ಶ್ರೀಕರ ಉಪನ್ಯಾಸಕ್ಕೆ ತೊಡಗಿದ.

"ಅಮ್ಮಾ! ಶ್ರವಣನ ಕಥೆಯಿಂದ ನಾವು ಕಲಿಯೋ ಪಾಠ ಏನು ಹೇಳು!" ಎಂದು ಒಂದು ಕೈಯನ್ನು ಆಕಾಶಕ್ಕೆತ್ತಿದ. ದಾರಿ ಬಲಕ್ಕೆ ತಿರುಗಿತು. ಶ್ರೀಕರ ತಿರುಗಲಿಲ್ಲ. ಗಾಡಿ ಹುಲ್ಲಿಗಿಳಿದು, ಒಂದು ಗಾಲಿಯೆತ್ತಿ, ವಿಜಯಮ್ಮನವರನ್ನು ಮೆತ್ತಗೆ ದಡದ ಮೇಲೆ ಕೂರಿಸಿ, ಮಗನನ್ನು ಕಾಲುವೆಗೆ ಅರ್ಪಿಸಿತು!

ಸೊಂಟದವರೆಗಿನ ನೀರಿನಲ್ಲಿ ಅವನು ಎದ್ದು ನಿಂತ. "ಅಮ್ಮ, ಏಟಾಯ್ತಾ?"

"ಪಾಠ ಏನು ಅಂತ ಕೇಳ್ದೆಯಲ್ಲ," ವಿಜಯಮ್ಮ ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡರು. "ಶ್ರವಣ ಕೆಟ್ಟಿದ್ದೇ ನೀರಿನ ಹತ್ರ ಹೋಗಿ. ಆ ಭಾಗ ಓದಿರಲಿಲ್ವಾ?"

ಮೂಟೆ ಹರಿದು ದಡದಿಂದ ನೀರಿನವರೆಗೆ ಬೆಳ್ಳಗೆ ಅಕ್ಕಿ ಚೆಲ್ಲಿತ್ತು. ಆಚೆ ದಡದಿಂದ ಒಂದು ಬಾತುಕೋಳಿ ನೋಡಿತು. ಈಜಿ ಬಂತು. ಯಾರನ್ನೂ ಕಾಯಿಸದೆ, ಯಾವ ಮಾತನ್ನೂ ಕೇಳದೆ, ಬಾಯಿ ಹಾಕಿತು. ಅದರ ಹಿಂದೆ ಇನ್ನೂ ಆರು ಬಂದವು.

ಶ್ರೀಕರನ ಮುಖ ಮುದುಡಿತು. "ಅಪ್ಪ," ಎಂದ, ಬಾತುಕೋಳಿಗಳಿಗೆ. "ನಿನ್ನನ್ನ ಇಲ್ಲಿಗೆ ಕರ್ಕೊಂಡು ಬರ್ಲಿಲ್ಲ. ತಪ್ಪಾಯ್ತು."

"ಅವು ಬಾತುಕೋಳಿ ಕಣೋ," ಎಂದರು ವಿಜಯಮ್ಮ.

"ಗೊತ್ತಮ್ಮ."

ಶ್ರೀಕರ ಮೂಗೊರೆಸಿಕೊಂಡು, ಉಳಿದ ಅಕ್ಕಿಯನ್ನಾದರೂ ಬಾಚಿಕೊಳ್ಳೋಣವೆಂದು ದಡದತ್ತ ಹೆಜ್ಜೆಯಿಟ್ಟ. ವಿಜಯಮ್ಮ ತರಗತಿಯಲ್ಲಿ ಎತ್ತುತ್ತಿದ್ದ ಹಾಗೆಯೇ ಕೈಯೆತ್ತಿದರು.

"ಅಲ್ಲೇ ನಿಂತಿರು. ಊಟದ ಮಧ್ಯೆ ಎಬ್ಬಿಸಬಾರದು. ನಿಮ್ಮಪ್ಪ ನಾಲ್ಕು ವರ್ಷ ಕಾದರು. ನೀನು ಇಪ್ಪತ್ತು ಕಿಲೋ ಮುಗಿಯೋವರೆಗೆ ಕಾಯಿ!"