ಮಿಡ್‌ಫೀಲ್ಡ್ ಇಲಾಖೆಯ ಬದ್ಲಿ

ಗಂಡ ಏನು ಕೆಲಸ ಮಾಡುತ್ತಾನೆಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲ ಹೆಂಗಸರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಮಾಸ್ತರರು, ಬ್ಯಾಂಕು, ಕಿರಾಣಿ ಅಂಗಡಿ ಎಂದು ಮುಗಿಸಿ ಅವರು ತಟ್ಟೆಯ ಮಿರ್ಚಿ ಭಜಿಗೆ ಕೈ ಹಾಕುವ ಹೊತ್ತಿಗೆ ನಾನಿನ್ನೂ ವಿವರಣೆಯ ನಡುವೆ ಇರುತ್ತೇನೆ. ಫುಟ್‌ಬಾಲ್ ಆಡುತ್ತಾರೆ, ಸಂಬಳ ಅದಕ್ಕೇ ಎಂದರೆ ಎಲ್ಲರೂ ಕೇಳುವುದು, ಗೋಲು ಎಷ್ಟು ಹೊಡೆದಿದ್ದಾರೆ ಎಂದು. ಅವರು ಮಿಡ್‌ಫೀಲ್ಡರ್, ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವುದೇ ಅವರ ಕೆಲಸ ಎಂದು ಮಕ್ತಲದ ಚಿಕ್ಕಮ್ಮನಿಗೆ ಒಮ್ಮೆ ಬಿಡಿಸಿ ಹೇಳಿದೆ. "ಅಂದ್ರ ತಾನು ಏನೂ ಇಟ್ಗೊಳ್ಳಂಗಿಲ್ಲೇನವ್ವಾ?" ಎಂದು ಆಕೆ ನಿಜವಾದ ಮರುಕದಿಂದ ನನ್ನ ಕೈ ಹಿಡಿದಳು.

ನಾನಾದರೂ ಏನು ಬಲ್ಲೆ? ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಥ್ರೋಬಾಲ್ ಮತ್ತು ಕ್ರೋಶಾ ಹೆಣಿಗೆ. ಟಿವಿಯಲ್ಲಿ ಪಂದ್ಯ ನೋಡಲು ಕೂತರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಚೆಂಡು ಇವರ ಬಳಿ ನಿಲ್ಲುವುದಿಲ್ಲ. ಹಾಗಾಗಿ ಇಡೀ ಪಂದ್ಯದಲ್ಲಿ ನನಗೆ ದಕ್ಕುವುದು ಇವರ ಒಂದು ಮೊಣಕೈ. ಅದಕ್ಕಿಂತ ಕಾಲುಚೀಲಗಳನ್ನೇ ನಾನು ಚೆನ್ನಾಗಿ ಬಲ್ಲೆ. ಎಡಗಾಲಿನದು ಯಾವಾಗಲೂ ಹೆಬ್ಬೆರಳಿನ ಹತ್ತಿರ ಮೊದಲು ಹರಿಯುತ್ತದೆ.

ಕೋಲ್ಕತ್ತ, ಗೋವಾ, ಕೇರಳ, ಮತ್ತೆ ಗೋವಾ ಎಂದು ಸಣ್ಣಪುಟ್ಟ ಕ್ಲಬ್ಬುಗಳಿಗೆ ಇವರು ಆಡುತ್ತ ಹೋದರೆ, ಗದ್ವಾಲದ ಮನೆಯಲ್ಲಿ ಮಾವನವರು ಕೊರಗುತ್ತಿದ್ದರು. ಅವರು ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಇಟಿಕ್ಯಾಲ, ಧರೂರು, ವಡ್ಡೆಪಲ್ಲಿ ಎಂದು ವರ್ಗಾವಣೆಯಲ್ಲಿ ಊರೂರು ಸುತ್ತಿ ಸಾಕಾಗಿ ನಿವೃತ್ತರಾದವರು. ಅವರ ಲೆಕ್ಕದಲ್ಲಿ ಕ್ಲಬ್ ಬದಲಾಗುವುದೆಂದರೆ ಬದ್ಲಿ, ಅದೂ ಶಿಕ್ಷೆಯ ಬದ್ಲಿ. "ಸಾಹೇಬರ ಎದುರಿಗೆ ಬಾಯಿ ಮಾಡಿರಬೇಕು ನೋಡವ್ವಾ," ಎಂದು ನನ್ನ ಬಳಿ ಪಿಸುಗುಟ್ಟುತ್ತಿದ್ದರು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆ.

ಈ ಬೇಸಿಗೆಯಲ್ಲಿ ಯಾವ ಕ್ಲಬ್ಬಿನಿಂದಲೂ ಫೋನ್ ಬರಲಿಲ್ಲ. ಇವರು ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಓಡುತ್ತಿದ್ದರು, ಮೊಬೈಲನ್ನು ಕೈಯಲ್ಲೇ ಹಿಡಿದು. ಇನ್ನೊಂದೇ ಸೀಸನ್ ಎಂಬುದು ಇವರ ಆಸೆ. ಇನ್ನು ಸಾಕು, ಮನೆಯಲ್ಲಿರಲಿ ಎಂಬುದು ನನ್ನದು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳದೆ ಚಹಾ ಕುಡಿಯುತ್ತಿದ್ದೆವು.

ಮಾವನವರು ಸುಮ್ಮನಿರಲಿಲ್ಲ. ಒಂದು ಬುಟ್ಟಿ ಮಾವಿನಹಣ್ಣು ಹೊರಿಸಿಕೊಂಡು ಊರಿನ ಲೀಡರೊಬ್ಬರ ಮನೆಗೆ ಹೋಗಿ, ಮಗನನ್ನು ಗದ್ವಾಲಕ್ಕೆ ಬದ್ಲಿ ಮಾಡಿಸಿಕೊಡಬೇಕೆಂದು ಅರ್ಜ್ ಮಾಡಿಕೊಂಡರಂತೆ. ಯಾವ ಇಲಾಖೆ ಎಂದು ಆ ಮಹಾಶಯರು ಕೇಳಿದರೆ ಮಾವನವರು ಮಿಡ್‌ಫೀಲ್ಡ್ ಎಂದಿದ್ದಾರೆ. ಗೊತ್ತಿಲ್ಲವೆಂದರೆ ಲೀಡರಿಕೆ ಏನಾದೀತು? ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದರಂತೆ. ಆಮೇಲೆ ಯಾರನ್ನು ಕೇಳಿ ತಿಳಿದುಕೊಂಡರೋ, ತಮ್ಮ ನೆಂಟರ ಶಾಲೆಯಲ್ಲಿ ಇವರಿಗೆ ಆಟದ ಮಾಸ್ತರಿಕೆ ಕೊಡಿಸಿಯೇಬಿಟ್ಟರು. ಸೋಮವಾರ ಹಾಜರಾಗಬೇಕು. ನಾನು ಹೋಳಿಗೆಗೆ ಬೇಳೆ ಬೇಯಲಿಟ್ಟೆ.

ಬೇಳೆ ಬೇಯುವ ಮೊದಲೇ ಫೋನ್ ಬಂತು. ಶಿಲ್ಲಾಂಗಿನ ಕಡೆಯ ಒಂದು ಕ್ಲಬ್. ಅವರ ಆಟಗಾರನ ಮಂಡಿ ಮುರಿದಿದೆ, ತಕ್ಷಣ ಬರಬಲ್ಲಿರಾ ಎಂದು. ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆಂದು ಇವರು ಫೋನ್ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನೀನ ಹೇಳು."

ನೋಡಿದಿರಾ, ಇಲ್ಲಿಯೂ ಚೆಂಡನ್ನು ನನ್ನ ಕಡೆಗೇ ಜಾರಿಸಿದರು. ಬೇಡ ಎನ್ನುವ ಒಂದು ಮಾತನ್ನು ನಾನು ವರ್ಷಗಟ್ಟಲೆ ಕಾದಿರಿಸಿಕೊಂಡಿದ್ದೆ. ಆದರೆ ಕೆಳಗೆ ಒಂದು ಈರುಳ್ಳಿ ಉರುಳಿ ಬಿದ್ದಿತ್ತು. ಅದನ್ನು ಇವರ ಪಾದ, ಇವರಿಗೇ ಗೊತ್ತಿಲ್ಲದಂತೆ, ಹಿಂದೆ ಮುಂದೆ ಎಷ್ಟು ಮೆತ್ತಗೆ ಉರುಳಿಸುತ್ತಿತ್ತೆಂದರೆ ಒಂದು ಸಿಪ್ಪೆ ಕೂಡ ಬಿಚ್ಚಿರಲಿಲ್ಲ.

"ಹೋಗಿಬರ್ರಿ," ಎಂದೆ.

ಮಾವನವರಿಗೆ ಹೇಳುವವರಾರು? ಅದೂ ನನ್ನ ಪಾಲಿಗೇ ಬಂತು. "ಮತ್ತ ಬದ್ಲೀನಾ?" ಎಂದು ಅವರ ಮುಖ ಸಣ್ಣದಾಯಿತು. ಆ ಮುಖ ನೋಡಲಾರದೆ, "ಈ ಸಲ ಪ್ರಮೋಷನ್ ಮ್ಯಾಲ ರೀ ಮಾವಾರ," ಎಂದುಬಿಟ್ಟೆ.

ಅವರು ನೆಟ್ಟಗೆ ಕೂತರು. ಟೋಪಿ ಸರಿಮಾಡಿಕೊಂಡರು. "ಪ್ರಮೋಷನ್ ಅಂದ ಮ್ಯಾಲ ಫ್ಯಾಮಿಲಿ ಕ್ವಾರ್ಟರ್ಸ್ ಕೊಡಾಕಬೇಕು. ನೀನೂ ಹೊಂಡವ್ವಾ, ನಾನೂ ನಿಮ್ಮತ್ತೀನೂ ಇನ್ನೂ ಗಟ್ಟಿ ಅದೀವಿ."

ಇವರ ಕಡೆ ನೋಡಿದೆ. ಬಿಡಿಸಿ ಹೇಳುತ್ತಾರೆಂದುಕೊಂಡರೆ, ನಗುತ್ತ ಅಟ್ಟದ ಮೇಲಿನ ದೊಡ್ಡ ಸೂಟ್‌ಕೇಸ್ ಇಳಿಸುತ್ತಿದ್ದರು. ನಿನ್ನೆಯಿಂದ ನಾನು ಗದ್ವಾಲದ ಬಿಸಿಲಿನಲ್ಲಿ ಅಂಗಡಿ ಅಂಗಡಿ ತಿರುಗಿ, ಶಿಲ್ಲಾಂಗಿನ ಚಳಿಗೆಂದು ನನಗೊಂದು ಉಣ್ಣೆಯ ಸ್ವೆಟರ್ ಕೇಳುತ್ತಿದ್ದೇನೆ. ಅಂಗಡಿಯವರು ಮೊದಲು ಫ್ಯಾನ್ ಹಾಕಿ, ಕುಡಿಯಲು ನೀರು ಕೊಡುತ್ತಾರೆ.